ಮಗನ ಮೊದಲ ಹಸಿಗೆ

ಜಿಂಕೆ ಬಿದ್ದ ಮೇಲೆ ಮಗ ಐದು ನಿಮಿಷ ಮಾತೇ ಆಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಕೋವಿಯ ಗುಂಡುಗಳನ್ನು ತೆಗೆಸಿ ಜೇಬಿಗೆ ಹಾಕಿಕೊಂಡು, ಇಬ್ಬರೂ ಸುಮ್ನೆ ನಿಂತಿದ್ದೆವು. ಒಣಗಿದ ಓಕ್ ಎಲೆಗಳ ಮೇಲೆ ಅದು ಬಲಮಗ್ಗುಲಾಗಿ ಮಲಗಿತ್ತು. ಎಳೆಯ ಗಂಡು. ಕೊಂಬು ಇನ್ನೂ ಗೇಣುದ್ದ. ಮಗ ಮಂಡಿಯೂರಿ ಅದರ ಕುತ್ತಿಗೆ ಮೇಲೆ ಕೈ ಇಟ್ಟ. ಆಮೇಲೆ ನನ್ನ ಕಡೆ ನೋಡಿ, “ಈಗ ಏನ್ ಮಾಡೋದು ಅಪ್ಪ?” ಅಂದ.

“ನಿಜವಾದ ಕೆಲಸ ಈಗ ಶುರು ಮಗಾ,” ಅಂದೆ.

ಅದು 2023ರ ನವೆಂಬರ್ 18, ಶನಿವಾರ. ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿಯ ಜಿಂಕೆ ಬೇಟೆ ಶುರುವಾಗುವ ದಿನ. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಒಂಬತ್ತು ದಿನ ನಡೆಯುತ್ತದೆ. ನಾವಿರೋದು ಮ್ಯಾಡಿಸನ್‌ನಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಒಂದು ಗಂಟೆ ಹೋದರೆ ಗುಡ್ಡ, ಕಣಿವೆ, ಓಕ್ ಮರಗಳ ಕಾಡು, ನಡುನಡುವೆ ಮುಸುಕಿನ ಜೋಳ, ಸೋಯಾ ಹೊಲ. ಹಿಮಯುಗದಲ್ಲಿ ಹಿಮದ ಹಾಸು ಈ ಭಾಗವನ್ನು ಬಿಟ್ಟು ಸುತ್ತಿಕೊಂಡು ಹೋಯಿತಂತೆ. ಅದಕ್ಕೇ ಇಲ್ಲಿನ ನೆಲ ಮಟ್ಟಸವಾಗಿಲ್ಲ. ಅಮೆರಿಕದಲ್ಲಿ ನನಗೆ ಮೂಡಿಗೆರೆ ನೆನಪಾಗುವ ಜಾಗ ಇದೊಂದೇ.

ಮಗನಿಗೆ ಆಗ 14 ವರ್ಷ. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಇಲ್ಲಿ ಸಾಮಾನ್ಯವಾಗಿ ಬೇಟೆಯ ಸುರಕ್ಷತಾ ತರಗತಿ ಮುಗಿಸಿಯೇ ಪರವಾನಗಿ ತೆಗೆದುಕೊಳ್ಳಬೇಕು. ನಾನೂ ಕೂತು ಪಾಸಾಗಿದ್ದೆ, ಅವನೂ ಆದ. ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧಕ್ಕಾದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಅಥವಾ ಗುಲಾಬಿ ಇರಬೇಕು. ಹೊಡೆದ ಜಿಂಕೆಯನ್ನು ಮಾರನೆಯ ದಿನ ಸಂಜೆ 5 ಗಂಟೆಯೊಳಗೆ ಸರ್ಕಾರಕ್ಕೆ ನೋಂದಾಯಿಸಬೇಕು. ಆ ಒಂಬತ್ತು ದಿನದಲ್ಲೇ ರಾಜ್ಯದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಜಿಂಕೆ ಬೀಳುತ್ತವೆ. ಆದರೂ ಸಂತತಿಗೆ ಏನೂ ಕೊರತೆಯಿಲ್ಲ. ನಮಗೆ ಜಾಗ ಕೊಟ್ಟ ಹೊಲದ ಯಜಮಾನರಿಗೆ ಈಗ ಎಂಬತ್ತು ದಾಟಿದೆ. ಜೋಳದ ಹೊಲದ ಅಂಚಿನ ಸಾಲುಗಳನ್ನು ಪ್ರತಿ ವರ್ಷ ಜಿಂಕೆಗಳೇ ಮುಗಿಸುತ್ತವೆ ಅಂತ ಅವರ ದೂರು.

ಊರಿನಲ್ಲಿರುವ ಓದುಗರಿಗೆ ಇದನ್ನು ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಲೂ ಬಾರದು. ಉಳಿದಿರೋದೇ ಸ್ವಲ್ಪ. ಇಲ್ಲಿಯ ಲೆಕ್ಕವೇ ಬೇರೆ.

ನಮ್ಮ ಅಜ್ಜಯ್ಯ ಆ ಕಾಯ್ದೆಗೂ ಮುಂಚಿನ ಕಾಲದಲ್ಲಿ ಶಿಕಾರಿಗೆ ಹೋಗಿದ್ದವರು. ಕೇಪಿನ ಕೋವಿ, ಮರೆಯಲ್ಲಿ ಕಾದು ಮರಸು ಕೂರುವುದು, ನಾಯಿ ಬಿಟ್ಟು ಪ್ರಾಣಿ ಎಬ್ಬಿಸಿ ಸೋವು ಮಾಡುವುದು, ಇದೆಲ್ಲ ನಾನು ಕಥೆಯಾಗಿ ಕೇಳಿದ್ದೇನೆ ಅಷ್ಟೇ. ಆದರೆ ಹಸಿಗೆಯನ್ನು ಕಣ್ಣಾರೆ ಕಂಡಿದ್ದೇನೆ. ಪ್ರಾಣಿಯನ್ನು ಸುಲಿದು, ಕೊಯ್ದು, ಪಾಲು ಹಾಕುವ ಕೆಲಸಕ್ಕೆ ಮಲೆನಾಡಿನಲ್ಲಿ ಹೇಳೋದು ಹಸಿಗೆ ಅಂತ. ಹಬ್ಬಕ್ಕೆ ಕುರಿ ಕಡಿದರೆ ಹಸಿಗೆಗೆ ಅಜ್ಜಯ್ಯನೇ ಬರಬೇಕು. ಮಚ್ಚನ್ನು ಅವರು ಕೊನೆಗೆ ಮಾತ್ರ ಮುಟ್ಟುತ್ತಿದ್ದರು. ಅಲ್ಲಿವರೆಗೂ ಒಂದು ಸಣ್ಣ ಚೂರಿ, ಮತ್ತೆ ಹೆಬ್ಬೆರಳು. ನಾವು ಮಕ್ಕಳು ದೂರ ನಿಂತು ನೋಡಬೇಕು. ಹತ್ತಿರ ಹೋದರೆ, “ಆಚೆ ಹೋಗ್ರೋ, ಕತ್ತಿ ತಾಗ್ತದೆ” ಅಂತ ಗದರಿಸುತ್ತಿದ್ದರು. ಹಾಗಾಗಿ ನೋಡಿದ್ದೆಲ್ಲ ಕಣ್ಣಲ್ಲಿ ಉಳಿಯಿತು. ಕೈಗೆ ಏನೂ ಬರಲಿಲ್ಲ.

ಅದರ ಫಲ 2015ರಲ್ಲಿ ಗೊತ್ತಾಯಿತು. ಅದು ನಾನು ಹೊಡೆದ ಮೊದಲ ಜಿಂಕೆ. ಕತ್ತಿಯ ತುದಿಯನ್ನು ಕೆಳಮುಖ ಮಾಡಿ ಹೊಟ್ಟೆ ಸೀಳಲು ಹೋದೆ. ಹೊಟ್ಟೆಚೀಲ ತೂತಾಯಿತು. ಅರೆಬರೆ ಜೀರ್ಣವಾದ ಜೋಳ, ಹಸಿರು ನೀರು ಎಲ್ಲ ಒಳಗೆ ಹರಿಯಿತು. ಬೆನ್ನುಮೂಳೆಯ ಒಳಬದಿಗೆ ಅಂಟಿಕೊಂಡಿರುವ ಎರಡು ಸಣ್ಣ ಪಟ್ಟಿಗಳಿವೆಯಲ್ಲ, ಇಡೀ ಪ್ರಾಣಿಯಲ್ಲೇ ಅಷ್ಟು ಮೃದುವಾದ ಮಾಂಸ ಇನ್ನೊಂದಿಲ್ಲ. ಅವೆರಡೂ ಹಾಳಾದವು. ಉಳಿದದ್ದನ್ನು ಜಿಂಕೆ ಕೊಯ್ದುಕೊಡುವ ಒಂದು ಅಂಗಡಿಗೆ ಕೊಟ್ಟೆ. ಮೂರು ವಾರ ಬಿಟ್ಟು ಒಂದು ಪೆಟ್ಟಿಗೆ ಕೊಟ್ಟರು. ಅಚ್ಚುಕಟ್ಟಾದ ಪೊಟ್ಟಣಗಳು. ಆದರೆ ತೂಕ ನೋಡಿದರೆ ನನ್ನ ಜಿಂಕೆಗೂ ಅದಕ್ಕೂ ತಾಳೆಯಾಗುತ್ತಿರಲಿಲ್ಲ. ಸೀಸನ್‌ನಲ್ಲಿ ಎಲ್ಲರ ಚೂರುಗಳನ್ನೂ ಒಟ್ಟಿಗೆ ಅರೆಯುತ್ತಾರೆ ಅಂತ ಆಮೇಲೆ ತಿಳಿಯಿತು. ನಾನು ಕೊಂದ ಪ್ರಾಣಿಯನ್ನು ನಾನು ತಿಂದೆನೋ ಇಲ್ಲವೋ ಅನ್ನೋದೇ ಗೊತ್ತಾಗಲಿಲ್ಲ. ಆ ಚಳಿಗಾಲ ಪೂರ್ತಿ ನನ್ನನ್ನು ಕಾಡಿದ್ದು ಅದೇ. ಮುಂದಿನ ವರ್ಷದಿಂದ ಗ್ಯಾರೇಜಿನಲ್ಲಿ ನಾನೇ ಕೊಯ್ಯಲು ಶುರು ಮಾಡಿದೆ.

ಮಗ ಬೇಟೆಗೆ ಬರುತ್ತೇನೆ ಅಂದಾಗ ನಾನು ಹಾಕಿದ್ದು ಒಂದೇ ಷರತ್ತು. ಹೊಡೆದವನೇ ಹಸಿಗೆ ಮಾಡಬೇಕು. ಅವನು ಒಪ್ಪಿದ. ಆ ಬೇಸಿಗೆಯಿಂದಲೇ ಪಾಠ ಶುರುವಾಯಿತು.

ಪ್ರತಿ ಭಾನುವಾರ ಒಂದು ಇಡೀ ಕೋಳಿ ತರುತ್ತಿದ್ದೆ. ಮಚ್ಚು ಮುಟ್ಟಬಾರದು, ಮೂಳೆ ಒಡೆಯಬಾರದು, ಕೀಲು ಹುಡುಕಿ ಬಿಡಿಸಬೇಕು. ಮೊದಲ ಕೋಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಆಗಸ್ಟ್ ಹೊತ್ತಿಗೆ ಆರೇಳು ನಿಮಿಷಕ್ಕೆ ಬಂದ. ಕೀಲು ಎಲ್ಲಿದೆ ಅಂತ ಕಣ್ಣಿಗೆ ಕಾಣೋದಿಲ್ಲ. ಕಾಲನ್ನು ಮಡಿಸಿ, ಬಿಚ್ಚಿ, ಬೆರಳಿನಲ್ಲೇ ಹುಡುಕಬೇಕು. ಇದನ್ನು ಬಾಯಲ್ಲಿ ಹೇಳಿ ಕಲಿಸೋಕೆ ಆಗಲ್ಲ. ಸೆಪ್ಟೆಂಬರಿನಲ್ಲಿ ಹಲಾಲ್ ಅಂಗಡಿಯಿಂದ ಆಡಿನ ಒಂದು ಹಿಂದೊಡೆ ತಂದೆ. ಅಜ್ಜಯ್ಯ ಹೆಬ್ಬೆರಳು ತೂರಿಸುತ್ತಿದ್ದ, ಸ್ನಾಯುಗಳ ನಡುವಿನ ಬಿಳಿ ಪೊರೆಯ ಗೆರೆಗಳನ್ನು ಅವನಿಗೆ ತೋರಿಸಿದ್ದು ಅದರಲ್ಲೇ.

ಕತ್ತಿ ಮಸೆಯೋದು ಇನ್ನೊಂದು ಪಾಠ. ಸಾಣೆ ಕಲ್ಲನ್ನು ನೀರಲ್ಲಿ ನೆನೆಸಿ, ಒಂದೇ ಓರೆಯಲ್ಲಿ ಎಳೆಯಬೇಕು. ಮಕ್ಕಳಿಗೆ ಇದು ಬೇಜಾರಿನ ಕೆಲಸ. ಆದರೆ ಮೊಂಡು ಕತ್ತಿಯೇ ಕೈ ಕೊಯ್ಯೋದು. ಹರಿತ ಇಲ್ಲದಿದ್ದರೆ ಬಲ ಹಾಕುತ್ತೇವೆ, ಬಲ ಹಾಕಿದರೆ ಜಾರುತ್ತದೆ. ದಿನಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ದರೆ ಹರಿಯದೆ ಸೀಳಬೇಕು. ಅಲ್ಲಿವರೆಗೂ ಮಸೆಯುವುದು. ಎಡಗೈಗೆ ಕತ್ತಿ ತಾಗದ ಹೆಣಿಗೆಯ ಕೈಗವಸು. ಇದರಲ್ಲಿ ರಾಜಿ ಇಲ್ಲ.

ಈಗ ಕಾಡಿಗೆ ಬರುತ್ತೇನೆ.

ಜಿಂಕೆಯನ್ನು ಇಳಿಜಾರಿನಲ್ಲಿ ತಲೆ ಮೇಲಾಗುವಂತೆ ಅಂಗಾತ ಮಲಗಿಸಿದೆವು. ನಾನು ಹಿಂಗಾಲು ಹಿಡಿದೆ. ಅವನ ಕೈಯಲ್ಲಿ ನಾಲ್ಕು ಇಂಚಿನ ಕತ್ತಿ. ಎದೆಮೂಳೆ ಮುಗಿಯುವ ಕಡೆ ಚರ್ಮವನ್ನು ಚಿವುಟಿ ಎತ್ತಿ, ಒಂದು ಸಣ್ಣ ಸೀಳು. ಅದರೊಳಗೆ ಎಡಗೈಯ ಎರಡು ಬೆರಳು. ಆ ಬೆರಳುಗಳ ನಡುವೆ ಕತ್ತಿ, ಅಲಗು ಆಕಾಶದ ಕಡೆ. ಬೆರಳು ಕರುಳನ್ನು ಒತ್ತಿ ಹಿಡಿಯುತ್ತವೆ, ಕತ್ತಿ ಚರ್ಮವನ್ನು ಒಳಗಿನಿಂದ ಹೊರಗೆ ಸೀಳುತ್ತಾ ಹೋಗುತ್ತದೆ. ನಾನು 2015ರಲ್ಲಿ ತಪ್ಪಿದ್ದು ಇಲ್ಲೇ. ಅವನು ತಪ್ಪಲಿಲ್ಲ. ಹೊಟ್ಟೆ ತೆರೆದುಕೊಂಡಾಗ ಬಿಸಿ ಹಬೆ ಮೇಲೆದ್ದಿತು. ಅವನು ಒಂದು ಕ್ಷಣ ಮುಖ ತಿರುಗಿಸಿದ. ಮತ್ತೆ ತಾನೇ ತಿರುಗಿ ಕೆಲಸ ಮುಂದುವರಿಸಿದ.

ಗುದದ ಸುತ್ತ ಕೊಯ್ದು, ದಾರದಿಂದ ಬಿಗಿದು, ಒಳಕ್ಕೆ ಎಳೆದುಕೊಳ್ಳಬೇಕು. ಮೂತ್ರದ ಚೀಲವನ್ನು ಚಿವುಟಿ ಹಿಡಿದೇ ತೆಗೆಯಬೇಕು. ಎದೆಗೂ ಹೊಟ್ಟೆಗೂ ನಡುವೆ ಡೋಲಿನ ಚರ್ಮದ ಹಾಗೆ ಬಿಗಿಯಾದ ಒಂದು ಪರದೆ ಇರುತ್ತದೆ. ಅದನ್ನು ಎರಡೂ ಪಕ್ಕೆಗಳ ಉದ್ದಕ್ಕೆ ಬಿಡಿಸಬೇಕು. ಆಮೇಲೆ ಬರೋದು ಹೆದರಿಕೆಯ ಘಟ್ಟ. ಮೊಣಕೈವರೆಗೂ ತೋಳನ್ನು ಎದೆಗೂಡಿನೊಳಗೆ ತೂರಿಸಿ, ಕಾಣದ ಜಾಗದಲ್ಲಿ ಗಂಟಲಿನ ಕೊಳವೆಯನ್ನು ತಡವಿ ಹಿಡಿದು ಕೊಯ್ಯಬೇಕು. ಕೈ ಮತ್ತು ಕತ್ತಿ ಎರಡೂ ಕತ್ತಲಲ್ಲಿ. ಇಲ್ಲಿ ನನ್ನ ಎದೆ ಹೊಡೆದುಕೊಂಡಿತು. ಬಾಯಿಂದ, “ಬಿಡು, ನಾನು ಮಾಡ್ತೀನಿ” ಅಂತ ಬಂದೇಬಿಟ್ಟಿತು. ಕತ್ತಿ ಇಸಿದುಕೊಂಡೆ. ನಾನೇ ಕೊಯ್ದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಈ ಮಾತಿಗೆ ಬರುತ್ತೇನೆ.

ಎಲ್ಲ ಒಟ್ಟಿಗೆ ಎಳೆದಾಗ ಒಂದೇ ಗಂಟಾಗಿ ಈಚೆ ಬಂತು. ಗುಂಡಿಗೆ, ಲಿವರ್ ಬೇರೆ ಚೀಲಕ್ಕೆ. ಅಜ್ಜಯ್ಯ ಕುರಿ ಕೊಯ್ಯುವಾಗ ಹೇಳುತ್ತಿದ್ದ ಮಾತು ನೆನಪಾಗಿ, “ಪಿತ್ತದ ಚೀಲ ಹುಷಾರು, ಒಡೆದರೆ ಎಲ್ಲ ಕಹಿ” ಅಂದೆ. ಮಗ ಲಿವರನ್ನು ತಿರುಗಿಸಿ ತಿರುಗಿಸಿ ಹುಡುಕಿದ. “ಜಿಂಕೆಗೆ ಅದು ಇಲ್ವೇ ಇಲ್ಲ ಅಪ್ಪ, ಕ್ಲಾಸಲ್ಲಿ ಹೇಳಿದ್ರು” ಅಂದ. ನಿಜ. ಜಿಂಕೆ ಜಾತಿಗೆ ಪಿತ್ತದ ಚೀಲ ಇರಲ್ಲ. ಎಂಟು ವರ್ಷದಿಂದ ಜಿಂಕೆ ಕೊಯ್ಯುತ್ತಿದ್ದರೂ ನಾನು ಆ ಜಾಗವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಅವನು ಹೇಳಿದ ಮೇಲೆ ನೋಡಿದೆ.

ಗ್ಯಾರೇಜಿನಲ್ಲಿ ಹಿಂಗಾಲಿಗೆ ಅಡ್ಡಕೋಲು ಹಾಕಿ ತೂಗುಬಿಟ್ಟೆವು. ಕೊಂದ ದಿನವೇ ಕೊಯ್ಯಬಾರದು. ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ. ಆ ಹೊತ್ತಲ್ಲಿ ಮೂಳೆಯಿಂದ ಬಿಡಿಸಿದರೆ ಮಾಂಸ ಮುದುರಿ ರಬ್ಬರ್ ಆಗುತ್ತದೆ. ಒಂದು ದಿನವಾದರೂ ಬಿಡಬೇಕು. ತಂಪು 1ರಿಂದ 4 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ದರೆ ನಾಲ್ಕೈದು ದಿನ ಬಿಟ್ಟರೆ ಇನ್ನೂ ಒಳ್ಳೆಯದು. ನವೆಂಬರಿನ ಗ್ಯಾರೇಜ್ ರಾತ್ರಿ ಫ್ರಿಜ್ ಇದ್ದ ಹಾಗೆ. ಆದರೆ ಆ ವರ್ಷ ಹಗಲು ಬೆಚ್ಚಗಿತ್ತು. ಥರ್ಮಾಮೀಟರ್ ತೂಗುಹಾಕಿ, ಹೊಟ್ಟೆಯೊಳಗೆ ಮಂಜುಗಡ್ಡೆಯ ಚೀಲ ಇಟ್ಟು, ಎರಡು ದಿನಕ್ಕೇ ಮುಗಿಸಿದೆವು.

ಮುಗಿಸಿದೆವು ಅಂತ ಬರೆದೆ. ಮುಗಿಸಿದ್ದು ನಾನು. ಮಗ ಬೆನ್ನಿನ ಪಟ್ಟಿಯಲ್ಲಿ ಕತ್ತಿ ಇಟ್ಟರೆ, “ಸ್ವಲ್ಪ ಈ ಕಡೆ, ಇಲ್ಲ ಇಲ್ಲ, ಕೊಡಿಲ್ಲಿ” ಅನ್ನುತ್ತಿದ್ದೆ. ಮಾಂಸ ಹಾಳಾಗಬಾರದು ಅನ್ನೋ ಆತುರ. ಕೊನೆಕೊನೆಗೆ ಅವನ ಕೆಲಸ ಪೊಟ್ಟಣ ಕಟ್ಟುವುದು, ತಾರೀಖು ಬರೆಯುವುದು ಅಷ್ಟೇ ಆಯಿತು. ಆ ದಿನ ಅದು ನನಗೆ ತಪ್ಪು ಅಂತ ಕಾಣಲೇ ಇಲ್ಲ.

ಇಲ್ಲಿನ ಜಿಂಕೆಗಳ ಕಾಯಿಲೆಯ ವಿಷಯ ಹೇಳಲೇಬೇಕು. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ. ವಿಸ್ಕಾನ್ಸಿನ್‌ನಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ, ನಮ್ಮ ಡೇನ್ ಕೌಂಟಿಯ ಮೌಂಟ್ ಹೋರೆಬ್ ಕಡೆ. ರಾಜ್ಯದ ಈ ನೈಋತ್ಯ ಮೂಲೆಯಲ್ಲಿ ಈಗ ಅದು ಬಹಳ ಜಾಸ್ತಿ. ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಅನ್ನುವ ತಪ್ಪಾಗಿ ಮಡಚಿಕೊಂಡ ಪ್ರೋಟೀನ್. ಬೇಯಿಸಿದರೆ ಸಾಯಲ್ಲ. ಮನುಷ್ಯರಿಗೆ ಅಂಟಿದ ಖಚಿತ ಪ್ರಕರಣ ಇದುವರೆಗೆ ಇಲ್ಲ. ಆದರೂ ಕಾಯಿಲೆ ಇರುವ ಜಿಂಕೆಯನ್ನು ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆಯವರು ಹೇಳುವುದು. ಅದಕ್ಕೇ ತಲೆಯನ್ನು ಸ್ವಲ್ಪ ಕುತ್ತಿಗೆಯ ಸಮೇತ ತೆಗೆದು ಪರೀಕ್ಷೆಯ ಪೆಟ್ಟಿಗೆಗೆ ಹಾಕುತ್ತೇವೆ. ಗಂಟಲ ಹಿಂದಿನ ಗ್ರಂಥಿಗಳನ್ನು ಪರೀಕ್ಷೆ ಮಾಡುತ್ತಾರೆ. ದುಡ್ಡಿಲ್ಲ. ಫಲಿತಾಂಶಕ್ಕೆ ಎರಡು ವಾರದ ಹತ್ತಿರ ಆಗುತ್ತದೆ. ಅಲ್ಲಿವರೆಗೂ ಮಾಂಸ ಫ್ರೀಜರಿನಲ್ಲಿ ಬೇರೆಯಾಗಿ ಇರಬೇಕು.

ಈ ಕಾಯಿಲೆಯಿಂದಾಗಿ ಹಸಿಗೆಯ ರೀತಿಯೇ ಬದಲಾಗಿದೆ. ಬೆನ್ನುಮೂಳೆಗೆ ಗರಗಸ ಹಾಕುವ ಹಾಗಿಲ್ಲ. ಮಿದುಳು, ಬೆನ್ನುಹುರಿ, ಕಣ್ಣು, ಗ್ರಂಥಿಗಳು ದೂರ. ಎಲ್ಲವನ್ನೂ ಮೂಳೆ ಬಿಟ್ಟು ತೆಗೆಯಬೇಕು. ಮಲೆನಾಡಿನವನಿಗೆ ಇದು ದೊಡ್ಡ ನಷ್ಟ. ಸಾರಿಗೆ ಮೂಳೆಯೇ ರುಚಿ ಅಲ್ವಾ? ನಲ್ಲಿಮೂಳೆ ಬಡಿದು ಹೀರಿದ ಬಾಯಿಗೆ ಬರೀ ತುಂಡು ಅಂದರೆ ಸಪ್ಪೆ. ಆದರೆ ಮಕ್ಕಳಿಗೆ ಬಡಿಸೋ ಊಟ ಅದು.

ಡಿಸೆಂಬರ್ ಮೊದಲ ವಾರ ಮೊಬೈಲಿನಲ್ಲಿ ಫಲಿತಾಂಶ ನೋಡಿದೆ. ಪಾಸಿಟಿವ್.

ಮಗ ಸ್ಕೂಲಿನಿಂದ ಬರುವವರೆಗೂ ನಾನು ಅಡುಗೆಮನೆಯಲ್ಲೇ ಕೂತಿದ್ದೆ. ಹೇಳಿದೆ. “ಅದು ಚೆನ್ನಾಗೇ ಇತ್ತಲ್ಲ, ಓಡ್ತಿತ್ತಲ್ಲ” ಅಂದ. ಕಾಯಿಲೆ ಹತ್ತಿದ ಎಷ್ಟೋ ಜಿಂಕೆಗಳು ತಿಂಗಳುಗಟ್ಟಲೆ ಆರೋಗ್ಯವಾಗಿಯೇ ಕಾಣುತ್ತವೆ ಅಂತ ವಿವರಿಸಿದೆ. ಕೇಳಿಸಿಕೊಂಡನೋ ಇಲ್ಲವೋ. ಮೆಟ್ಟಿಲಿಳಿದು ಫ್ರೀಜರಿನಿಂದ ಪೊಟ್ಟಣಗಳನ್ನು ಒಂದೊಂದಾಗಿ ತೆಗೆದು ಎರಡು ಪದರದ ಚೀಲಕ್ಕೆ ತುಂಬಿದ. 22 ಕಿಲೋ. ಗುಡ್ಡದ ಕಡೆ ಜಿಂಕೆಯ ಮೂಳೆ, ಚರ್ಮ ಹಾಕಲು ಒಂದು ದೊಡ್ಡ ಕಬ್ಬಿಣದ ತೊಟ್ಟಿ ಇಟ್ಟಿರುತ್ತಾರೆ, ಅದು ನೇರ ಕಸದ ಹೂಳುಗುಂಡಿಗೆ ಹೋಗುತ್ತದೆ. ಅಲ್ಲಿಗೆ ಹೋದೆವು. ನಾನು ಎತ್ತಲು ಹೋದರೆ ಬಿಡಲಿಲ್ಲ. ಅವನೇ ಎತ್ತಿ ಹಾಕಿದ. ವಾಪಸು ಬರುವಾಗ ಕಾರಿನಲ್ಲಿ ಒಂದು ಮಾತು ಹೇಳಿದ. “ಇದನ್ನ ನಾನು ಕೊಯ್ಯಲೂ ಇಲ್ಲ, ತಿನ್ನಲೂ ಇಲ್ಲ. ಬರೀ ಸಾಯಿಸಿದೆ.”

ನನಗೆ ಉತ್ತರ ಹೊಳೆಯಲಿಲ್ಲ. ಪರೀಕ್ಷೆಯ ಫಲ ನನ್ನ ಕೈಯಲ್ಲಿರಲಿಲ್ಲ. ಕತ್ತಿ ಮಾತ್ರ ನನ್ನ ಕೈಯಲ್ಲೇ ಇತ್ತು. ಅದನ್ನು ಅವನಿಗೆ ಬಿಡಬಹುದಿತ್ತು. ಎರಡು ತುಂಡು ಹಾಳಾದರೆ ಏನಾಗುತ್ತಿತ್ತು? ಅಜ್ಜಯ್ಯ ನನ್ನನ್ನು ದೂರ ನಿಲ್ಲಿಸಿದರು, ನಾನು ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅದನ್ನೇ ಮಾಡಿದೆ.

ಮುಂದಿನ ವರ್ಷ ಅವನು ಬರುತ್ತಾನೋ ಇಲ್ಲವೋ ಅಂದುಕೊಂಡಿದ್ದೆ. ಕೇಳಲಿಲ್ಲ. ಅಕ್ಟೋಬರಿನ ಒಂದು ಭಾನುವಾರ ಗ್ಯಾರೇಜಿನಿಂದ ಸಾಣೆ ಕಲ್ಲಿನ ಸದ್ದು ಬಂತು.

2024ರ ನವೆಂಬರ್ 23. ಅದೇ ಗುಡ್ಡ. ಬೆಳಿಗ್ಗೆ ಎಂಟೂವರೆಗೆ ಒಂದು ಹೆಣ್ಣು ಜಿಂಕೆ ಒಂಟಿಯಾಗಿ ಇಳಿದು ಬಂತು. ಮರಿ ಹಿಂದೆ ಇದೆಯಾ ಅಂತ ಅವನು ತುಂಬ ಹೊತ್ತು ಕಾದ. ಇರಲಿಲ್ಲ. ತಾಮ್ರದ ಗುಂಡು, ಒಂದೇ ಈಡು. ಸೀಸದ ಗುಂಡು ಒಡೆದು ಮಾಂಸದೊಳಗೆ ಸಣ್ಣ ಚೂರಾಗಿ ಹರಡುತ್ತದೆ ಅಂತ ನಾವು ತಾಮ್ರಕ್ಕೆ ಬದಲಾಯಿಸಿದ್ದೆವು. ಈ ಸಲ ಹೊಟ್ಟೆ ಬಿಡಿಸುವಾಗ ನಾನು ಎರಡೂ ಕೈಯನ್ನು ಜಾಕೆಟ್ಟಿನ ಜೇಬಿನಲ್ಲಿ ಇಟ್ಟುಕೊಂಡೆ. ಅದು ಸುಲಭ ಆಗಿರಲಿಲ್ಲ. ಅವನು ತೋಳನ್ನು ಎದೆಗೂಡಿನೊಳಗೆ ಇಳಿಸಿ, ಕಣ್ಣು ಮುಚ್ಚಿಕೊಂಡು, ತಡವಿ, “ಸಿಕ್ತು” ಅಂದ. ಕೊಯ್ದ. ಎಳೆದ. ಬಂತು.

ನಾಲ್ಕು ದಿನ ತೂಗಿ, ಬುಧವಾರ ಸಂಜೆ ಕೂತೆವು. ಹೆಂಡತಿ ನಮಗಿಬ್ಬರಿಗೂ ಕಾಫಿ ತಂದಿಟ್ಟಳು. ನಾನು ಗ್ಯಾರೇಜಿನ ಮೂಲೆಯಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಕೇಳಿದರೆ ಮಾತ್ರ ಹೇಳುವುದು ಅಂತ ಮೊದಲೇ ಮಾತಾಗಿತ್ತು.

ಹಿಂಗಾಲಿನ ಹಿಮ್ಮಡಿ ಕೀಲಿನ ಒಳಬದಿಯಲ್ಲಿ ಗಬ್ಬು ವಾಸನೆಯ ಒಂದು ಕಪ್ಪು ಕೂದಲಿನ ಗ್ರಂಥಿ ಇದೆ. ಅದನ್ನು ಮುಟ್ಟಿದ ಕೈಯಲ್ಲಿ ಮಾಂಸ ಮುಟ್ಟಬಾರದು. ಅವನು ಅದರ ಕೆಳಗಿನಿಂದ ಸುತ್ತ ಚರ್ಮ ಕೊಯ್ದು, ಕೈಗವಸು ಬದಲಾಯಿಸಿದ. ಚರ್ಮವನ್ನು ಯಾವಾಗಲೂ ಒಳಗಿನಿಂದ ಹೊರಗೆ ಕೊಯ್ಯಬೇಕು. ಹೊರಗಿನಿಂದ ಕೊಯ್ದರೆ ಕೂದಲು ತುಂಡಾಗಿ ಮಾಂಸಕ್ಕೆಲ್ಲ ಅಂಟುತ್ತದೆ, ಆರಿಸಿ ಆರಿಸಿ ಸಾಕಾಗುತ್ತದೆ. ತೊಡೆ ದಾಟಿದ ಮೇಲೆ ಕತ್ತಿಯನ್ನು ಕೆಳಗಿಟ್ಟು, ಚರ್ಮಕ್ಕೂ ಮಾಂಸಕ್ಕೂ ನಡುವೆ ಮುಷ್ಟಿ ತೂರಿಸಿ ಒತ್ತಿದ. ಒದ್ದೆ ಅಂಗಿ ಕಳಚಿದ ಹಾಗೆ ಸುಲಿದು ಬಂತು. ಅಜ್ಜಯ್ಯ ಕುರಿ ಸುಲಿಯುತ್ತಿದ್ದದ್ದೂ ಹೀಗೆಯೇ. ಇದನ್ನು ನಾನು ಅವನಿಗೆ ಮಾಡಿ ತೋರಿಸಿರಲಿಲ್ಲ, ಬಾಯಲ್ಲಿ ಹೇಳಿದ್ದೆ ಅಷ್ಟೇ.

ಮುಂಗಾಲನ್ನು ಎತ್ತಿ ದೂರಕ್ಕೆ ಹಿಡಿದು, ಕಂಕುಳಿನಿಂದ ಕತ್ತಿ ಆಡಿಸಿದ. ತಾನಾಗಿ ಬಿಟ್ಟುಕೊಂಡಿತು. “ಇಲ್ಲಿ ಕೀಲೇ ಇಲ್ವಲ್ಲ ಅಪ್ಪ!” ಅಂದ. ಹೌದು, ಮುಂಗಾಲು ಮೈಗೆ ಮೂಳೆಯಿಂದ ಅಂಟಿಕೊಂಡಿಲ್ಲ. ಹೆಗಲಿನ ಮೂಳೆ ಪಕ್ಕೆಯ ಮೇಲೆ ಸ್ನಾಯುವಿನಲ್ಲೇ ತೇಲುತ್ತಿರುತ್ತದೆ. ಹಾಗಾಗಿಯೇ ಅದು ಅಷ್ಟು ಎತ್ತರ ಹಾರಿ ಮೆತ್ತಗೆ ನೆಲಕ್ಕೆ ಇಳಿಯೋದು ಅಂತ ನನ್ನ ಅಂದಾಜು.

ಆಮೇಲೆ ಬೆನ್ನಿನ ಪಟ್ಟಿ. ಬೆನ್ನುಮೂಳೆಯ ಎರಡೂ ಕಡೆ ಕುತ್ತಿಗೆಯಿಂದ ಸೊಂಟದವರೆಗೂ ಹೋಗುವ ಉದ್ದನೆಯ ಮಾಂಸ. ಮೂಳೆಗೆ ಕತ್ತಿ ಉಜ್ಜುತ್ತಾ, ಎಡಗೈಯಿಂದ ಎತ್ತುತ್ತಾ ಹೋಗಬೇಕು. ಎಡಭಾಗದ್ದರಲ್ಲಿ ಅವನು ಮೂಳೆಯಿಂದ ದೂರ ಸರಿದುಬಿಟ್ಟ. ನಡುವೆ ಎರಡು ಕಡೆ ಆಳವಾಗಿ ಕೊಯ್ತ ಬಿತ್ತು. ನನ್ನ ಕೈ ತಾನಾಗಿಯೇ ಮೇಲೆದ್ದಿತು. ಕಾಫಿ ಲೋಟ ಹಿಡಿದುಕೊಂಡೆ. ಅವನು ನಿಲ್ಲಿಸಿ, ನೋಡಿ, ಕತ್ತಿಯ ಕೋನ ಬದಲಾಯಿಸಿದ. ಬಲಭಾಗದ್ದು ಒಂದೇ ತುಂಡಾಗಿ, ಮೂಳೆ ಮೇಲೆ ಬೆಳ್ಳಗೆ ಏನೂ ಉಳಿಯದ ಹಾಗೆ ಬಂತು. ಅದನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ತೋರಿಸಿದ. ಮಾತಾಡಲಿಲ್ಲ.

ಹಿಂದೊಡೆಯಲ್ಲಿ ಅವನು ನಿಜವಾಗಿಯೂ ಖುಷಿಪಟ್ಟದ್ದು ನೋಡಿದೆ. ಸೊಂಟದ ಕೀಲು ಬಟ್ಟಲಲ್ಲಿ ಕೂತ ಗುಂಡಿನ ಹಾಗೆ. ನಡುವಿನ ಬಿಳಿ ನರ ಕೊಯ್ದರೆ ಟಪ್ ಅಂತ ಬಿಟ್ಟುಕೊಳ್ಳುತ್ತದೆ. ಹಲಗೆ ಮೇಲೆ ಮಲಗಿಸಿದ ತೊಡೆ ನೋಡಲು ಒಂದೇ ಮುದ್ದೆ. ಆದರೆ ಬೆರಳು ಆಡಿಸಿದರೆ ಗೆರೆಗಳು ಸಿಗುತ್ತವೆ. ತೆಳ್ಳನೆ ಪೊರೆ. ಅದರೊಳಗೆ ಹೆಬ್ಬೆರಳು ತೂರಿಸಿದರೆ ಹಲಸಿನ ತೊಳೆ ಬಿಡಿಸಿದ ಹಾಗೆ ಒಂದೊಂದೇ ಸ್ನಾಯು ಬೇರೆಯಾಗುತ್ತದೆ. ನಾಲ್ಕು ದೊಡ್ಡ ತುಂಡು, ಒಂದು ಮೀನಖಂಡ. ಕತ್ತಿ ಬೇಕಾಗೋದು ಸ್ನಾಯುವಿನ ತುದಿಯಲ್ಲಿ ಮಾತ್ರ. ತುಂಡುಗಳ ನಡುವಿನ ಕೊಬ್ಬಿನಲ್ಲಿ ಅಡಗಿರುವ ಬೂದುಬಣ್ಣದ ಗ್ರಂಥಿಯನ್ನು ಅವನೇ ಹುಡುಕಿ ತೆಗೆದ. ಜಿಂಕೆಯ ಕೊಬ್ಬನ್ನೂ ಉಳಿಸಬಾರದು. ಕುರಿಯ ಕೊಬ್ಬಿನ ಹಾಗಲ್ಲ ಅದು. ತಣ್ಣಗಾದರೆ ಮೇಣದಂತೆ ಅಂಗುಳಿಗೆ ಅಂಟುತ್ತದೆ. ಗುಂಡು ಹೊಕ್ಕ ಜಾಗದ ಸುತ್ತ ಕೈಯಗಲ ಮಾಂಸವನ್ನು ಅವನು ಕೇಳದೆಯೇ ತೆಗೆದುಹಾಕಿದ. ಪಕ್ಕೆಯ ನಡುವಿನ ಚೂರು, ಕುತ್ತಿಗೆ, ಮೀನಖಂಡ ಎಲ್ಲ ಖೀಮಾಕ್ಕೆ.

ರಾತ್ರಿ ಹನ್ನೊಂದೂಕಾಲು. ಐದು ಗಂಟೆ ಕೆಲಸ. ನಾನಾಗಿದ್ದರೆ ಎರಡೂವರೆ. ತಕ್ಕಡಿಯಲ್ಲಿ 20 ಕಿಲೋಗೆ ಸ್ವಲ್ಪ ಕಮ್ಮಿ. ಕತ್ತಿಗಳನ್ನು ಬ್ಲೀಚ್ ನೀರಿನಲ್ಲಿ ನೆನೆಸಿ, ಹಲಗೆ ಉಜ್ಜಿ, ಅವನು ಸ್ನಾನಕ್ಕೆ ಹೋದ. ಪೊಟ್ಟಣಗಳ ಮೇಲೆ ಬರೆದದ್ದನ್ನು ಆಮೇಲೆ ನೋಡಿದೆ. ಕಳೆದ ವರ್ಷ ಇಂಗ್ಲಿಷಿನಲ್ಲಿ ಬರೆದಿದ್ದ. ಈ ಸಲ ಕನ್ನಡದಲ್ಲಿ, ಅಂಕುಡೊಂಕು ಅಕ್ಷರದಲ್ಲಿ. ತೊಡೆ, ಬೆನ್ನು, ಹೆಗಲು, ಖೀಮ.

ಹನ್ನೆರಡು ದಿನಕ್ಕೆ ಫಲಿತಾಂಶ ಬಂತು. ಕಾಯಿಲೆ ಪತ್ತೆಯಾಗಿಲ್ಲ. ಅವನು ಎರಡು ಸಲ ಓದಿದ.

ಮೊದಲ ಅಡುಗೆಗೆ ಹೆಗಲನ್ನು ತೆಗೆದೆವು. ಜಿಂಕೆ ಮಾಂಸದೊಳಗೆ ಕೊಬ್ಬಿಲ್ಲ, ಆತುರ ಮಾಡಿದರೆ ನಾರು. ಎರಡೂವರೆ ಗಂಟೆ ಸಣ್ಣ ಉರಿ. ಕರಿಮೆಣಸು ಜಾಸ್ತಿ, ಹುರಿದ ಕೊತ್ತಂಬರಿ ಬೀಜ, ಕೊನೆಗೆ ಕೊಡಗಿನಿಂದ ತಂದ ಕಾಚಂಪುಳಿ ಅನ್ನುವ ಕಪ್ಪು ಹುಳಿ ಒಂದು ಚಮಚ. ಜೊತೆಗೆ ಕಡುಬು. ಬೆನ್ನಿನ ಪಟ್ಟಿಗೆ ಇಷ್ಟೆಲ್ಲ ಬೇಡ. ಉಪ್ಪು, ಮೆಣಸು, ಕಾದ ಕಾವಲಿ, ಅಷ್ಟೇ.

ಅದಕ್ಕೂ ಮುಂಚೆ ಪಾಲು ಹಾಕಬೇಕಿತ್ತು. ಊರಿನಲ್ಲಿ ಬಾಳೆಎಲೆ ಮೇಲೆ ಗುಡ್ಡೆ ಹಾಕುತ್ತಿದ್ದರು. ಪ್ರತಿ ಗುಡ್ಡೆಗೂ ತೊಡೆಯದ್ದು ಒಂದು, ಪಕ್ಕೆಯದ್ದು ಒಂದು, ಲಿವರ್ ಒಂದು ಚೂರು. ಆಮೇಲೆ ಒಂದು ಮಗುವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಒಂದು ಗುಡ್ಡೆ ತೋರಿಸಿ “ಇದು ಯಾರಿಗೆ?” ಅಂತ ಕೇಳುವುದು. ಮಗು ಯಾರ ಹೆಸರು ಹೇಳಿದರೆ ಅದು ಅವರಿಗೆ. ಈ ಕಥೆಯನ್ನು ಮಗ ನೆನಪಿಟ್ಟುಕೊಂಡಿದ್ದ. ಅಡುಗೆಮನೆಯ ಮೇಜಿನ ಮೇಲೆ ಪೊಟ್ಟಣಗಳನ್ನು ನಾಲ್ಕು ಗುಡ್ಡೆ ಮಾಡಿದ. ಹೊಲದ ಯಜಮಾನರಿಗೆ, ಪಕ್ಕದ ಮನೆಯವರಿಗೆ, ನಮ್ಮೂರ ಕಡೆಯ ಸ್ನೇಹಿತರ ಕುಟುಂಬಕ್ಕೆ, ನಮಗೆ. ಒಂದೇ ತುಂಡಾಗಿ ಬಂದಿದ್ದ ಬಲಗಡೆಯ ಬೆನ್ನನ್ನು ಎಲ್ಲಿಡೋದು ಅಂತ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದಿದ್ದ. ಕೊನೆಗೆ ಮೂರನೆಯ ಗುಡ್ಡೆಗೆ ಇಟ್ಟ.

ಎಂಟು ವರ್ಷದ ತಂಗಿ ಫ್ರಿಜ್ಜಿನ ಬಾಗಿಲಿಗೆ ಹಣೆ ಒತ್ತಿ ನಿಂತಳು. ಇಣುಕಬಾರದು ಅಂತ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು.

“ಇದು ಯಾರಿಗೆ?” ಅಂತ ಮಗ ಕೇಳಿದ. ಅವನ ಬೆರಳು ಮೂರನೆಯದರ ಮೇಲಿತ್ತು.

“ಹೊಲದ ತಾತಂಗೆ,” ಅಂದಳು.

ಅವನು ಆ ಗುಡ್ಡೆಯನ್ನು ಚೀಲಕ್ಕೆ ತುಂಬಿ, ಮುಂದಿನದಕ್ಕೆ ಬೆರಳಿಟ್ಟ.